ಅಲ್ಟ್ರಾಸೌಂಡ್ ಹಾಯಿಸಿದರೆ ರಾಸಾಯನಿಕ ಕ್ರಿಯೆ ನಿಜಕ್ಕೂ ಓಡುತ್ತದಾ? ಕೆಲಸ ಮಾಡುವುದು ಸದ್ದಲ್ಲ, ಗುಳ್ಳೆ

"ಶಬ್ದದ ಅಲೆ ಹಾಯಿಸಿದರೆ ನೀರಿನಿಂದ 14 ಪಟ್ಟು ಹೈಡ್ರೋಜನ್." 2022ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಆರ್‌ಎಂಐಟಿ ವಿಶ್ವವಿದ್ಯಾಲಯದಿಂದ ಬಂದ ಸುದ್ದಿ ಇದು. ಆಮೇಲೂ ಇಂಥ ತಲೆಬರಹಗಳು ಆಗಾಗ ಬರುತ್ತಲೇ ಇವೆ. ಗಂಟೆಗಟ್ಟಲೆ ಹಿಡಿಯುವ ಕ್ರಿಯೆ ನಿಮಿಷಗಳಲ್ಲಿ ಮುಗಿಯಿತು, ಬಣ್ಣದ ನೀರು ಸದ್ದಿನಿಂದಲೇ ತಿಳಿಯಾಯಿತು, ತರಕಾರಿ ಮೇಲಿನ ಔಷಧಿ ಅಂಶ ಮಾಯವಾಯಿತು ಅಂತೆಲ್ಲ.

ಸುದ್ದಿ ಸುಳ್ಳಲ್ಲ. ಆದರೆ ಅದು ನಮ್ಮ ಕಡೆಗೆ ಬರುವಷ್ಟರಲ್ಲಿ ಬೇರೆಯೇ ಪ್ರಶ್ನೆಯಾಗಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಕಡೆಯವರು ಇಂಥದ್ದನ್ನು ಓದಿದಾಗ ಮೊದಲು ಕೇಳುವುದು ಹೈಡ್ರೋಜನ್ ಬಗ್ಗೆ ಅಲ್ಲ. "ಹಾಗಾದ್ರೆ ನಮ್ಮ ಬೋರ್ ನೀರಿನ ಫ್ಲೋರೈಡ್‌ಗೂ ಇದನ್ನೇ ಹಾಕಬಹುದಲ್ವಾ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನೇರ ಉತ್ತರ ಕೊಡಬೇಕಾದರೆ ಅಲ್ಟ್ರಾಸೌಂಡ್ ದ್ರಾವಣದೊಳಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನೋದನ್ನು ಬಿಡಿಸಿ ನೋಡಬೇಕು. ಒಂದು ಕಡೆ ಲಕ್ಷ ಪಟ್ಟು ವೇಗ ಕೊಡುವ ಅದೇ ಸದ್ದು ಇನ್ನೊಂದು ಕಡೆ ಏನೂ ಮಾಡದೆ ಕರೆಂಟ್ ಬಿಲ್ ಮಾತ್ರ ಏರಿಸುತ್ತದೆ. ಯಾಕೆ ಹೀಗೆ?

ಸದ್ದು ಅಣುವನ್ನು ಹಿಡಿದು ಅಲ್ಲಾಡಿಸುವುದಿಲ್ಲ

ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ 20,000 ಕಂಪನದವರೆಗಿನ ಸದ್ದು. ಅದಕ್ಕಿಂತ ಮೇಲಿನದೆಲ್ಲ ಅಲ್ಟ್ರಾಸೌಂಡ್. 20,000 ಕಂಪನ ಅಂದರೆ 20 ಕಿಲೋಹರ್ಟ್ಸ್.

ತುಂಬಾ ಜನ ಅಂದುಕೊಳ್ಳುವುದೇನೆಂದರೆ, ಇಷ್ಟು ಜೋರಾದ ಕಂಪನ ಅಣುಗಳನ್ನು ಗಡಗಡ ಅಲ್ಲಾಡಿಸುತ್ತದೆ, ಹಾಗಾಗಿ ಅವು ಬೇಗ ಡಿಕ್ಕಿ ಹೊಡೆದು ಬೇಗ ಕ್ರಿಯೆ ನಡೆಸುತ್ತವೆ ಅಂತ. ಕೇಳಲು ಸರಿ ಅನಿಸುತ್ತದೆ. ಆದರೆ ಅಳತೆ ನೋಡಿ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 20 ಕಿಲೋಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಏಳೂವರೆ ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬೆರಳಿನ ಉದ್ದ. ನೀರಿನ ಅಣು ಒಂದು ಮಿಲಿಮೀಟರ್‌ನ ಮೂವತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೂ ಇಲ್ಲ. ಸೂಳೆಕೆರೆಯಲ್ಲಿ ದೊಡ್ಡ ಅಲೆ ಎದ್ದರೆ ಅದರ ಮೇಲಿನ ಹುಲ್ಲುಕಡ್ಡಿ ಇಡೀ ಅಲೆಯ ಜೊತೆ ಏರಿ ಇಳಿಯುತ್ತದೆಯೇ ಹೊರತು ಮುರಿಯುವುದಿಲ್ಲ. ಇಲ್ಲೂ ಅಷ್ಟೇ. ಅಕ್ಕಪಕ್ಕದ ಅಣುಗಳೆಲ್ಲ ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತವೆ. ಸದ್ದು ಒಂದು ರಾಸಾಯನಿಕ ಬಂಧವನ್ನು ನೇರವಾಗಿ ಮುರಿಯಲಾರದು.

ಹಾಗಾದರೆ ಮುರಿಯುವವರು ಯಾರು?

ಗುಳ್ಳೆ ಹುಟ್ಟಿ, ಬೆಳೆದು, ಕುಸಿಯುವಾಗ

ಭದ್ರಾ ನಾಲೆ ಬಯಲಿನಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಒಂದು ಸದ್ದು ಗೊತ್ತಿರುತ್ತದೆ. ಸಕ್ಷನ್ ಪೈಪಿನಲ್ಲಿ ನೀರು ಸರಿಯಾಗಿ ಬರದಿದ್ದಾಗ ಪಂಪಿನೊಳಗೆ ಜಲ್ಲಿ ಸುರಿದಂತೆ ಕಟಕಟ ಅನ್ನುತ್ತದೆ. ಹಾಗೇ ಬಿಟ್ಟರೆ ಕೆಲ ತಿಂಗಳಲ್ಲಿ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಮೇಲೆ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಒಳಗೆ ಜಲ್ಲಿ ಇರುವುದಿಲ್ಲ, ಮರಳೂ ಇರಬೇಕಾಗಿಲ್ಲ. ಒತ್ತಡ ತೀರಾ ಕಡಿಮೆಯಾದ ಕಡೆ ನೀರಿನಲ್ಲಿ ಗುಳ್ಳೆ ಎದ್ದು, ಒತ್ತಡ ಜಾಸ್ತಿ ಇರುವ ಕಡೆ ಬಂದ ಕೂಡಲೇ ಅವು ಒಳಕ್ಕೆ ಕುಸಿಯುತ್ತವೆ. ಆ ಕುಸಿತದ ಏಟಿಗೆ ಲೋಹವೇ ಕಿತ್ತುಬರುತ್ತದೆ. ಇದಕ್ಕೆ ಕ್ಯಾವಿಟೇಶನ್ ಅನ್ನುತ್ತಾರೆ. 1890ರ ದಶಕದಲ್ಲಿ ಬ್ರಿಟಿಷ್ ಯುದ್ಧನೌಕೆಯ ಪ್ರೊಪೆಲ್ಲರ್ ಅಂದುಕೊಂಡಷ್ಟು ವೇಗ ಕೊಡದೆ ಹೋದಾಗ ಎಂಜಿನಿಯರುಗಳು ಮೊದಲು ಇದರ ಬೆನ್ನು ಹತ್ತಿದರು. ಅಂಥ ಗುಳ್ಳೆ ಕುಸಿಯುವಾಗ ಎಷ್ಟು ಒತ್ತಡ ಹುಟ್ಟುತ್ತದೆ ಅನ್ನೋ ಲೆಕ್ಕವನ್ನು 1917ರಲ್ಲಿ ಲಾರ್ಡ್ ರೇಲೀ ಹಾಕಿಕೊಟ್ಟರು.

ಅಲ್ಟ್ರಾಸೌಂಡ್ ಮಾಡುವುದೂ ಇದನ್ನೇ. ಅಲೆ ಹಿಗ್ಗುವಾಗ ದ್ರವ ಎಳೆದಂತಾಗಿ, ಅದರಲ್ಲಿ ಮೊದಲೇ ಇರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಳಿಯ ಅಂಶ ಗುಳ್ಳೆಯಾಗಿ ಬೆಳೆಯುತ್ತದೆ. ಅಲೆ ಕುಗ್ಗುವಾಗ ಗುಳ್ಳೆಯೂ ಕುಗ್ಗುತ್ತದೆ. ಹೀಗೆ ಕೆಲವು ಸುತ್ತು ಹಿಗ್ಗಿ ಕುಗ್ಗಿ ಒಂದು ಅಳತೆ ಮೀರಿದ ಮೇಲೆ ಒಮ್ಮೆಗೇ ಒಳಕ್ಕೆ ಕುಸಿಯುತ್ತದೆ. ಆ ಕುಸಿತ ಎಷ್ಟು ಬೇಗ ನಡೆಯುತ್ತದೆ ಎಂದರೆ ಒಳಗಿನ ಬಿಸಿ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ. ಸೈಕಲ್ ಪಂಪ್ ಜೋರಾಗಿ ಒತ್ತಿದಾಗ ಅದರ ಬುಡ ಬಿಸಿಯಾಗುತ್ತದಲ್ಲ, ಅದೇ ಕೆಲಸ, ಸಾವಿರಾರು ಪಟ್ಟು ಜೋರಾಗಿ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಸಸ್ಲಿಕ್ ಮತ್ತು ಜೊತೆಗಾರರು 1980ರ ದಶಕದಿಂದ ಇದನ್ನು ಅಳೆಯುತ್ತಾ ಬಂದರು. ಕುಸಿಯುವ ಕ್ಷಣದಲ್ಲಿ ಗುಳ್ಳೆಯೊಳಗೆ ಸುಮಾರು 5,000 ಡಿಗ್ರಿ. ಹೆಚ್ಚುಕಡಿಮೆ ಸೂರ್ಯನ ಮೇಲ್ಮೈಯಷ್ಟು. ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರಾರು ಪಟ್ಟು. ಆದರೆ ಗುಳ್ಳೆ ಕೂದಲೆಳೆಯ ಅಗಲದ ಲೆಕ್ಕದ್ದು, ಅದರ ಆ ಬಿಸಿ ಬದುಕುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಸುತ್ತಲಿನ ನೀರಿಗೆ ಕೈ ಹಾಕಿದರೆ ಬೆಚ್ಚಗೆ ಅಷ್ಟೇ. ಒಂದೇ ಪಾತ್ರೆಯಲ್ಲಿ ಬೆಚ್ಚಗಿನ ನೀರು, ಅದರೊಳಗೆ ಲಕ್ಷಾಂತರ ಪುಟ್ಟ ಕುಲುಮೆಗಳು ಹೊತ್ತಿ ಆರುತ್ತಿವೆ. ಈ ಒಂದು ಚಿತ್ರ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ಗುಳ್ಳೆಯೊಳಗೆ ಹುಟ್ಟುವುದು ಬಿಸಿಯೋ ವಿದ್ಯುತ್ತಿನ ಕಿಡಿಯೋ ಅಂತ ವಿಜ್ಞಾನಿಗಳಲ್ಲಿ ಬಹುಕಾಲ ವಾದ ನಡೆಯಿತು. ಈಗ ಹೆಚ್ಚಿನವರು ಒಪ್ಪುವುದು ಬಿಸಿಯ ವಾದವನ್ನೇ.

ಎಲ್ಲ ಒಂದೇ ದ್ರಾವಣದಲ್ಲಿ ಕರಗಿದ್ದರೆ

1927ರಲ್ಲಿ ಅಮೆರಿಕದ ರಿಚರ್ಡ್ಸ್ ಮತ್ತು ಲೂಮಿಸ್ ಎಂಬ ಇಬ್ಬರು ಜೋರು ಸದ್ದು ಹಾಯಿಸಿದಾಗ ದ್ರಾವಣದಲ್ಲಿ ಕೆಲವು ಕ್ರಿಯೆಗಳು ಬೇಗ ನಡೆಯುವುದನ್ನು ಮೊದಲು ಬರೆದಿಟ್ಟರು. ಎಲ್ಲವೂ ಕರಗಿರುವ, ಒಂದೇ ಸಮನಾದ ದ್ರಾವಣ. ಅದರಲ್ಲಿ ವೇಗ ಯಾಕೆ ಏರಬೇಕು?

ಇಲ್ಲಿ ಮುಖ್ಯವಾಗುವುದು ಗುಳ್ಳೆಯ ಒಳಗೆ ಯಾರು ಹೋಗುತ್ತಾರೆ ಅನ್ನೋದು. ಸುಲಭವಾಗಿ ಆವಿಯಾಗುವ ವಸ್ತುವಾದರೆ, ಉದಾಹರಣೆಗೆ ಕ್ಲೋರೋಫಾರಂ, ಅದು ಗುಳ್ಳೆಯೊಳಗೆ ಆವಿಯಾಗಿ ಸೇರಿಕೊಂಡು ಆ ಕುಲುಮೆಯಲ್ಲೇ ಒಡೆದುಹೋಗುತ್ತದೆ. ಆವಿಯಾಗದ ವಸ್ತು, ಅಂದರೆ ಬಣ್ಣಗಳು, ಲವಣಗಳು, ಸಕ್ಕರೆ, ಇವು ಒಳಗೆ ಹೋಗುವುದೇ ಇಲ್ಲ. ಹೊರಗೆ ನಿಂತಿರುತ್ತವೆ. ಅವುಗಳಿಗೆ ಸಿಗುವುದು ಗುಳ್ಳೆಯಿಂದ ಹೊರಬರುವ ಪದಾರ್ಥ ಮಾತ್ರ. ಗುಳ್ಳೆಯೊಳಗಿನ ನೀರಿನ ಆವಿ ಒಡೆದು ಹೈಡ್ರೋಜನ್ ಪರಮಾಣು ಮತ್ತು ಹೈಡ್ರಾಕ್ಸಿಲ್ ರ್ಯಾಡಿಕಲ್ ಆಗುತ್ತದೆ. ರ್ಯಾಡಿಕಲ್ ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುವಿನ ತುಂಡು. ಈ ಹೈಡ್ರಾಕ್ಸಿಲ್ ಭಾರಿ ಚುರುಕು, ಎದುರಿಗೆ ಸಿಕ್ಕ ಸಾವಯವ ಅಣುವನ್ನು ಕಚ್ಚದೆ ಬಿಡುವುದಿಲ್ಲ. ಯಾರೂ ಸಿಗದಿದ್ದರೆ ಎರಡು ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತವೆ.

ಇದನ್ನು ಯಾವುದೇ ಕಾಲೇಜಿನ ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ನೀರಿನಂತೆ ಇರುತ್ತದೆ, ಬಣ್ಣ ಇಲ್ಲ. ಅಲ್ಟ್ರಾಸೌಂಡ್ ಹಾಯಿಸಿದರೆ ನಿಧಾನಕ್ಕೆ ಹಳದಿಯಾಗುತ್ತದೆ. ಹೈಡ್ರಾಕ್ಸಿಲ್ ಅಯೊಡೈಡನ್ನು ಅಯೋಡಿನ್ ಮಾಡಿರುತ್ತದೆ. ಸ್ವಲ್ಪ ಗಂಜಿ ಹಾಕಿದರೆ ನೀಲಿ. ಎಷ್ಟು ಹೊತ್ತಿಗೆ ಎಷ್ಟು ಬಣ್ಣ ಅನ್ನೋದನ್ನು ಅಳೆದರೆ ಯಂತ್ರ ಎಷ್ಟು ಕೆಲಸ ಮಾಡುತ್ತಿದೆ ಅನ್ನೋದಕ್ಕೂ ಅದೇ ತಕ್ಕಡಿ.

ಹಾಗಾಗಿ ಒಂದೇ ದ್ರಾವಣದಲ್ಲಿ ಅಲ್ಟ್ರಾಸೌಂಡ್ ವೇಗ ಕೊಡುವುದು ಎರಡು ಸಂದರ್ಭದಲ್ಲಿ: ವಸ್ತು ಗುಳ್ಳೆಯೊಳಗೆ ಹೋಗುವಂಥದ್ದಾಗಿರಬೇಕು, ಇಲ್ಲವೇ ಕ್ರಿಯೆ ರ್ಯಾಡಿಕಲ್‌ಗಳಿಂದ ನಡೆಯುವಂಥದ್ದಾಗಿರಬೇಕು. ಎರಡೂ ಅಲ್ಲದ ಸಾದಾ ಕ್ರಿಯೆ, ಉದಾಹರಣೆಗೆ ಆಮ್ಲ ಮತ್ತು ಕ್ಷಾರ ಸೇರುವುದು, ಅದಕ್ಕೆ ಗುಳ್ಳೆಯಿಂದ ಏನೂ ಲಾಭ ಇಲ್ಲ. ಅದು ಮೊದಲೇ ಬೇಕಾದಷ್ಟು ವೇಗವಾಗಿದೆ.

ಇನ್ನೊಂದು ವಿಚಿತ್ರ ಇದೆ, ಇದು ಹೆಚ್ಚು ಗೊಂದಲ ಮಾಡುವ ಜಾಗ. ಸಾಮಾನ್ಯ ಕ್ರಿಯೆಗಳು ಬಿಸಿಗೆ ಬೇಗ ನಡೆಯುತ್ತವೆ, ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟು ಅನ್ನೋ ಅಂದಾಜು ಪಿಯುಸಿಯಲ್ಲೇ ಕಲಿಸುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಹಲವು ಸಲ ಉಲ್ಟಾ. ನೀರು ಬಿಸಿಯಾದಷ್ಟೂ ವೇಗ ಕಡಿಮೆ. ಯಾಕೆಂದರೆ ಬಿಸಿ ನೀರಿನಲ್ಲಿ ಗುಳ್ಳೆಯೊಳಗೆ ಆವಿ ಜಾಸ್ತಿ ತುಂಬಿಕೊಳ್ಳುತ್ತದೆ. ಕುಸಿಯುವಾಗ ಆ ಆವಿ ಹತ್ತಿಯ ದಿಂಬಿನ ಥರ ಅಡ್ಡ ಬರುತ್ತದೆ. ಏಟು ಮೆತ್ತಗಾಗುತ್ತದೆ, ಒಳಗಿನ ಬಿಸಿ 5,000 ತಲುಪುವುದಿಲ್ಲ. ದ್ರಾವಣದಲ್ಲಿ ಕರಗಿರುವ ಅನಿಲವೂ ಹೀಗೇ ಆಟ ಆಡಿಸುತ್ತದೆ. ಆರ್ಗಾನ್ ಇದ್ದರೆ ಕುಲುಮೆ ಜೋರು, ಕಾರ್ಬನ್ ಡೈಆಕ್ಸೈಡ್ ಇದ್ದರೆ ತಣ್ಣಗೆ. ಕಂಪನದ ಲೆಕ್ಕವೂ ಮುಖ್ಯ: 20ರಿಂದ 40 ಕಿಲೋಹರ್ಟ್ಸ್‌ನಲ್ಲಿ ಗುಳ್ಳೆ ದೊಡ್ಡದು, ಏಟು ಜೋರು. 200ರಿಂದ 500 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಗುಳ್ಳೆ ಚಿಕ್ಕದು, ಆದರೆ ಸಂಖ್ಯೆ ಜಾಸ್ತಿ, ರ್ಯಾಡಿಕಲ್ ಹೆಚ್ಚು ಹುಟ್ಟುತ್ತವೆ. "ಅಲ್ಟ್ರಾಸೌಂಡ್ ಹಾಕಿದೆವು" ಅಂದರೆ ಸಾಲದು, ಯಾವುದು, ಎಷ್ಟು, ಯಾವ ಬಿಸಿಯಲ್ಲಿ ಅಂತ ಹೇಳದಿದ್ದರೆ ಆ ಸುದ್ದಿಗೆ ಅರ್ಥವೇ ಇಲ್ಲ.

ಸುಮ್ನೆ ಬಿಸಿಯಾಗಿದ್ದಕ್ಕೂ ವೇಗ ಏರಬಹುದು

ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ನೀರಿಗೆ 100 ವ್ಯಾಟ್ ಸದ್ದಿನ ಶಕ್ತಿ ಹತ್ತು ನಿಮಿಷ ಹೋಯಿತು ಅನ್ನಿ. ಒಟ್ಟು 60,000 ಜೂಲ್. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಬೇಕಾದದ್ದು ಸುಮಾರು 4,180 ಜೂಲ್. ಅಲ್ಲಿಗೆ ನೀರು 14 ಡಿಗ್ರಿ ಬಿಸಿಯಾಗಿರುತ್ತದೆ. ಹತ್ತು ಡಿಗ್ರಿಗೆ ಎರಡು ಪಟ್ಟು ಅನ್ನೋ ಅಂದಾಜು ಹಿಡಿದರೆ ಎರಡೂವರೆ ಪಟ್ಟು ವೇಗ ಬರೀ ಬಿಸಿಯಿಂದಲೇ ಬಂತು! ಅಷ್ಟನ್ನು ಒಂದು ಸ್ಟೌ ಕೂಡ ಕೊಡುತ್ತಿತ್ತು.

ಅದಕ್ಕೇ ಸರಿಯಾದ ಪ್ರಯೋಗದಲ್ಲಿ ಪಾತ್ರೆಯ ಸುತ್ತ ತಣ್ಣೀರು ಹರಿಸಿ ಬಿಸಿ ಏರದಂತೆ ನೋಡಿಕೊಳ್ಳುತ್ತಾರೆ. ಪಕ್ಕದಲ್ಲಿ ಅದೇ ಬಿಸಿಯಲ್ಲಿ ಸದ್ದಿಲ್ಲದ, ಚೆನ್ನಾಗಿ ಕಲಕುತ್ತಿರುವ ಇನ್ನೊಂದು ಪಾತ್ರೆ ಇರುತ್ತದೆ. ಎರಡನ್ನೂ ಹೋಲಿಸಿದ ಮೇಲೆ ಉಳಿಯುವುದೇ ಅಲ್ಟ್ರಾಸೌಂಡ್‌ನ ನಿಜವಾದ ಕೊಡುಗೆ. ನಮ್ಮ ಕಡೆಯ ಕಾಲೇಜುಗಳ ಎಂಎಸ್ಸಿ ವಿದ್ಯಾರ್ಥಿಗಳು ಇಂಥ ಪ್ರಾಜೆಕ್ಟ್ ಮಾಡುವುದಾದರೆ ಮೊದಲು ಈ ಎರಡನೇ ಪಾತ್ರೆ ಇಡಿ. ಅದಿಲ್ಲದ ಫಲಿತಾಂಶ ಎಷ್ಟೇ ದೊಡ್ಡದಿರಲಿ, ನಂಬುವುದು ಕಷ್ಟ.

ನಿಜವಾದ ಲಾಭ: ಎರಡು ಸೇರದ ವಸ್ತುಗಳು

ಇಲ್ಲಿಗೆ ಬಂದರೆ ಅಲ್ಟ್ರಾಸೌಂಡ್‌ನ ಶಕ್ತಿ ಬೇರೆಯೇ. ಗಟ್ಟಿ ಮತ್ತು ದ್ರವ, ಅಥವಾ ಒಂದಕ್ಕೊಂದು ಬೆರೆಯದ ಎರಡು ದ್ರವ ಇದ್ದಾಗ ಕ್ರಿಯೆ ನಿಧಾನವಾಗುವುದು ಅಣುಗಳಿಗೆ ಮನಸ್ಸಿಲ್ಲದ್ದಕ್ಕಲ್ಲ, ಅವು ಭೇಟಿಯಾಗಲು ಜಾಗ ಕಡಿಮೆ ಇರುವುದಕ್ಕೆ.

ಹೊಂಗೆ ಎಣ್ಣೆಯನ್ನು ತಗೊಳ್ಳಿ. ದಾವಣಗೆರೆ, ದುರ್ಗದ ಕಡೆ ಹೊಲದ ಬದುವಿನಲ್ಲಿ ಹೊಂಗೆ ಮರಕ್ಕೆ ಬರ ಇಲ್ಲ. ಅದರ ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ, ಸ್ವಲ್ಪ ಕಾಸ್ಟಿಕ್ ಹಾಕಿ, 60 ಡಿಗ್ರಿ ಆಸುಪಾಸಿನಲ್ಲಿ ಸುಮಾರು ಒಂದು ಗಂಟೆ ಕಲಕಿದರೆ ಜೈವಿಕ ಡೀಸೆಲ್ ಮತ್ತು ಗ್ಲಿಸರಿನ್ ಆಗುತ್ತದೆ. ಎಣ್ಣೆ ಮತ್ತು ಮೆಥನಾಲ್ ಬೆರೆಯುವುದಿಲ್ಲ, ಒಂದರ ಮೇಲೊಂದು ನಿಲ್ಲುತ್ತವೆ. ಕ್ರಿಯೆ ನಡೆಯುವುದು ಅವು ತಾಗುವ ಗೆರೆಯಲ್ಲಿ ಮಾತ್ರ. ಅಲ್ಟ್ರಾಸೌಂಡ್ ಹಾಯಿಸಿದಾಗ ಆ ಗೆರೆಯಲ್ಲಿ ಗುಳ್ಳೆ ಕುಸಿದು ಒಂದು ದ್ರವವನ್ನು ಇನ್ನೊಂದರೊಳಗೆ ತಳ್ಳುತ್ತದೆ. ಮಜ್ಜಿಗೆಯ ಥರ ನುಣ್ಣಗೆ ಬೆರೆಯುತ್ತದೆ, ತಾಗುವ ಜಾಗ ಸಾವಿರಾರು ಪಟ್ಟು ಹೆಚ್ಚುತ್ತದೆ. ಗಂಟೆಯ ಕೆಲಸ ನಿಮಿಷಗಳಿಗೆ ಇಳಿದದ್ದನ್ನು ಬೇರೆ ಬೇರೆ ಕಡೆಯ ಪ್ರಯೋಗಗಳು ತೋರಿಸಿವೆ. ಇದು ಉತ್ಪ್ರೇಕ್ಷೆ ಅಲ್ಲ.

ಆದರೆ ಅಲ್ಲೂ ಮಿತಿ ಇದೆ. ಕ್ರಿಯೆ ಎಲ್ಲಿಗೆ ಮುಟ್ಟಿ ನಿಲ್ಲುತ್ತದೋ ಆ ಕೊನೆಯನ್ನು ಅಲ್ಟ್ರಾಸೌಂಡ್ ಬದಲಿಸುವುದಿಲ್ಲ, ಅಲ್ಲಿಗೆ ಬೇಗ ಮುಟ್ಟಿಸುತ್ತದೆ ಅಷ್ಟೇ. ಇನ್ನು ಹೊಂಗೆ ಎಣ್ಣೆಯ ದೊಡ್ಡ ತಲೆನೋವು ಅದರೊಳಗಿನ ಬಿಡಿ ಕೊಬ್ಬಿನಾಮ್ಲ. ಬೀಜ ಹಳೆಯದಾದಷ್ಟು, ತೇವ ತಗುಲಿದಷ್ಟು ಅದು ಜಾಸ್ತಿ. ಕಾಸ್ಟಿಕ್ ಜೊತೆ ಸೇರಿ ಅದು ಸೋಪಾಗುತ್ತದೆ. ಸೋಪು ಮತ್ತು ಎಣ್ಣೆಯನ್ನು ಅಲ್ಟ್ರಾಸೌಂಡ್ ಇನ್ನೂ ಚೆನ್ನಾಗಿ ಬೆರೆಸಿಬಿಟ್ಟರೆ ಆಮೇಲೆ ಬೇರ್ಪಡಿಸುವುದು ಮೊದಲಿಗಿಂತ ಕಷ್ಟ. ಅಂಥ ಎಣ್ಣೆಯನ್ನು ಮೊದಲು ಆಮ್ಲದಲ್ಲಿ ಸರಿಮಾಡಿಕೊಳ್ಳಲೇಬೇಕು, ಯಂತ್ರ ಎಷ್ಟೇ ದುಬಾರಿಯಾಗಿರಲಿ.

ಗಟ್ಟಿ ವಸ್ತುವಿನ ಪಕ್ಕದಲ್ಲಿ ಗುಳ್ಳೆ ಕುಸಿಯುವ ರೀತಿಯೇ ಬೇರೆ. ಎಲ್ಲ ಕಡೆಯಿಂದ ಸಮನಾಗಿ ಕುಸಿಯುವುದಿಲ್ಲ, ಗಟ್ಟಿಯ ಕಡೆಗೆ ಒಂದು ಸಣ್ಣ ನೀರಿನ ಸೂಜಿ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಚುಚ್ಚುತ್ತದೆ. ಚಿನ್ನದ ಅಂಗಡಿಯಲ್ಲಿ ಸರ ಹಾಕುವ ಆ ಪುಟ್ಟ ತೊಟ್ಟಿ, ಕನ್ನಡಕದ ಅಂಗಡಿಯ ತೊಟ್ಟಿ, ಇವೆಲ್ಲ ಕೊಳೆ ಬಿಡಿಸುವುದು ಹೀಗೆ. ಹಲ್ಲಿನ ಡಾಕ್ಟರು ಪಾಚಿ ತೆಗೆಯುವ ಯಂತ್ರದಲ್ಲಿ ತುದಿಯ ಅದುರುವಿಕೆಯ ಜೊತೆಗೆ ಇದೂ ಇರುತ್ತದೆ. ರಾಸಾಯನಿಕದಲ್ಲಿ ಕೊಳೆಯ ಜಾಗದಲ್ಲಿ ಇರುವುದು ಲೋಹದ ಮೇಲಿನ ಆಕ್ಸೈಡ್ ಪದರ. ಮೆಗ್ನೀಸಿಯಂ, ಸತು, ನಿಕ್ಕಲ್ ಇವುಗಳ ಮೇಲೆ ಆ ಪದರ ಇರುವವರೆಗೆ ಕ್ರಿಯೆ ಶುರುವಾಗುವುದೇ ಕಷ್ಟ. ಸದ್ದು ಅದನ್ನು ಕಿತ್ತುಹಾಕುತ್ತದೆ. ಸಾದಾ ನಿಕ್ಕಲ್ ಪುಡಿಗೆ ಮೊದಲು ಅಲ್ಟ್ರಾಸೌಂಡ್ ಕೊಟ್ಟಾಗ ಹೈಡ್ರೋಜನ್ ಸೇರಿಸುವ ಒಂದು ಕ್ರಿಯೆ ಲಕ್ಷ ಪಟ್ಟು ವೇಗವಾಗಿದ್ದನ್ನು ಸಸ್ಲಿಕ್ ತಂಡವೇ ತೋರಿಸಿತು. ನಾನು ಮೊದಲು ಹೇಳಿದ ಲಕ್ಷ ಪಟ್ಟು ಇದೇ.

ಫ್ರಾನ್ಸಿನ ಜಾನ್ ಲೂಯಿ ಲೂಶ್ ಎಂಬ ರಸಾಯನ ವಿಜ್ಞಾನಿ ಇವೆರಡನ್ನೂ ಬೇರೆ ಮಾಡಿ ಹೇಳಿದ್ದರು. ಗುಳ್ಳೆಯ ಕುಲುಮೆಯಲ್ಲೇ ಕ್ರಿಯೆಯ ದಾರಿ ಬದಲಾದರೆ ಅದು ನಿಜವಾದ ಸದ್ದಿನ ರಸಾಯನ. ಬರೀ ಕಲಕಿದ್ದರಿಂದ, ಉಜ್ಜಿದ್ದರಿಂದ ವೇಗ ಬಂದರೆ ಅದು ಹುಸಿ. ಹುಸಿ ಅಂದರೆ ಉಪಯೋಗ ಇಲ್ಲ ಅಂತಲ್ಲ, ಅದನ್ನು ಒಳ್ಳೆಯ ಮಿಕ್ಸರ್ ಕೂಡ ಮಾಡಬಹುದು ಅಂತ. ಈ ವ್ಯತ್ಯಾಸ ಖರೀದಿ ಮಾಡುವವರಿಗೆ ತುಂಬಾ ಮುಖ್ಯ.

ಫ್ಲೋರೈಡ್ ಒಡೆಯುವುದಿಲ್ಲ

ಈಗ ನಮ್ಮ ಪ್ರಶ್ನೆಗೆ ಬರೋಣ. ಬೋರ್ ನೀರಿನ ಫ್ಲೋರೈಡ್ ಬರುವುದು ನೆಲದಡಿಯ ಬಂಡೆಯಿಂದ. ನೀರು ಆಳದಲ್ಲಿ ಬಂಡೆಯ ಜೊತೆ ವರ್ಷಗಟ್ಟಲೆ ಇದ್ದಾಗ ಕರಗಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಕುಡಿಯುತ್ತಾ ಬಂದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತದೆ. ಇದು ನಮ್ಮ ಹಳ್ಳಿಗಳ ನೋವು, ಹಾಗಾಗಿ ಇದರ ಹೆಸರಿನಲ್ಲಿ ಯಾರಾದರೂ ಯಂತ್ರ ಮಾರಲು ಬಂದರೆ ಎಚ್ಚರ ಬೇಕೇ ಬೇಕು.

ಫ್ಲೋರೈಡ್ ಒಂದು ಅಯಾನ್. ಒಂದೇ ಪರಮಾಣು, ಮೇಲೊಂದು ವಿದ್ಯುದಂಶ. ಒಡೆಯಲು ಅದರಲ್ಲಿ ಬಂಧವೇ ಇಲ್ಲ. ಆವಿಯಾಗಿ ಗುಳ್ಳೆಯೊಳಗೆ ಹೋಗುವುದಿಲ್ಲ. ಹೈಡ್ರಾಕ್ಸಿಲ್ ರ್ಯಾಡಿಕಲ್ ಕೂಡ ಅದನ್ನು ಏನೂ ಮಾಡಲಾರದು. ಗಂಟೆಗಟ್ಟಲೆ ಅಲ್ಟ್ರಾಸೌಂಡ್ ಹಾಯಿಸಿ, ಲೀಟರಿಗೆ 3 ಮಿಲಿಗ್ರಾಂ ಇದ್ದದ್ದು 3 ಮಿಲಿಗ್ರಾಂ ಆಗಿಯೇ ಇರುತ್ತದೆ. ಆರ್ಸೆನಿಕ್, ನೈಟ್ರೇಟ್, ಗಡಸು ನೀರಿನ ಸುಣ್ಣ, ಇವನ್ನೂ ಸದ್ದು ನೀರಿನಿಂದ ತೆಗೆದುಹಾಕುವುದಿಲ್ಲ. ಫ್ಲೋರೈಡನ್ನು ನೀರಿನಿಂದ ಹೊರಗೆ ತೆಗೆಯಲೇಬೇಕು: ಆರ್‌ಒ, ಫ್ಲೋರೈಡನ್ನು ಹಿಡಿದಿಡುವ ಅಲ್ಯುಮಿನಾ ಕಾಳಿನ ಹಾಸು, ಅಥವಾ ಸ್ಫಟಿಕ (ಆಲಂ) ಮತ್ತು ಸುಣ್ಣ ಹಾಕಿ ತಳಕ್ಕೆ ಕೂರಿಸುವ ನಲ್ಗೊಂಡ ವಿಧಾನ. ಅಲ್ಯುಮಿನಾದ ಹಾಸಿನಲ್ಲಿ ಹಿಡಿಯುವ ಕೆಲಸವನ್ನು ಅಲ್ಟ್ರಾಸೌಂಡ್ ಸ್ವಲ್ಪ ಬೇಗ ಮಾಡಿಸಬಹುದು, ಅಷ್ಟೇ. ಹಿಡಿಯುವುದು ಅಲ್ಯುಮಿನಾ.

ಬಣ್ಣದ ನೀರು, ಮತ್ತು ಕರೆಂಟಿನ ಲೆಕ್ಕ

ಬಣ್ಣ ಬೇರೆ ವಿಷಯ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ದಾವಣಗೆರೆ. ಮೊಳಕಾಲ್ಮೂರಿನಲ್ಲಿ ಇವತ್ತಿಗೂ ರೇಷ್ಮೆಗೆ ಬಣ್ಣ ಹಾಕಿ ಸೀರೆ ನೇಯುತ್ತಾರೆ. ಬಣ್ಣದ ನೀರು ಎಲ್ಲಿಗೆ ಹೋಗಬೇಕು ಅನ್ನೋದು ಹಳೆಯ ಪ್ರಶ್ನೆ. ಬಣ್ಣ ಸಾವಯವ ಅಣು, ಹೈಡ್ರಾಕ್ಸಿಲ್ ಅದನ್ನು ಒಡೆಯುತ್ತದೆ. ಹಾಗಾಗಿ ಅಲ್ಟ್ರಾಸೌಂಡ್‌ನಿಂದ ಬಣ್ಣದ ನೀರು ತಿಳಿಯಾಗುವುದು ನಿಜ.

ಇಲ್ಲಿ ಎರಡು ವಾದ ಇವೆ. ಪರವಾಗಿ ಹೇಳುವವರು, ರಾಸಾಯನಿಕ ಹಾಕಬೇಕಾಗಿಲ್ಲ, ಕೆಸರು ಉಳಿಯುವುದಿಲ್ಲ, ಕತ್ತಲೆಯಂಥ ಗಾಢ ನೀರಿನಲ್ಲೂ ನಡೆಯುತ್ತದೆ ಅನ್ನುತ್ತಾರೆ. ಕೊನೆಯ ಮಾತು ಮುಖ್ಯ, ಯಾಕೆಂದರೆ ಅಲ್ಟ್ರಾವಯೊಲೆಟ್ ಬೆಳಕು ಅಂಥ ನೀರಿನೊಳಗೆ ಇಳಿಯುವುದೇ ಇಲ್ಲ. ವಿರುದ್ಧ ಹೇಳುವವರು ಕೇಳುವುದು ಖರ್ಚನ್ನು. ಇಂಥ ಶುದ್ಧೀಕರಣ ವಿಧಾನಗಳನ್ನೆಲ್ಲ ಹೋಲಿಸಿದ 2018ರ ಒಂದು ಸಮೀಕ್ಷೆಯಲ್ಲಿ, ಒಂದು ಸಾವಿರ ಲೀಟರ್ ನೀರಿನ ಮಾಲಿನ್ಯವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಲು ಓಝೋನ್‌ಗೆ ಸಾಮಾನ್ಯವಾಗಿ ಒಂದು ಯೂನಿಟ್‌ಗಿಂತ ಕಡಿಮೆ ಕರೆಂಟ್ ಸಾಕು, ಅಲ್ಟ್ರಾಸೌಂಡ್‌ಗೆ 100 ಯೂನಿಟ್‌ಗಿಂತ ಜಾಸ್ತಿ ಬೇಕು ಅಂತ ಲೆಕ್ಕ ಬಂತು. ಬರೀ 100 ಯೂನಿಟ್ ಅಂತಲೇ ಹಿಡಿಯೋಣ. ಯೂನಿಟ್‌ಗೆ 7 ರೂಪಾಯಿ ಆದರೆ ಸಾವಿರ ಲೀಟರಿಗೆ 700 ರೂಪಾಯಿ. 20 ಲೀಟರ್ ಕ್ಯಾನಿಗೆ 14 ರೂಪಾಯಿ, ಅದೂ ಕರೆಂಟಿಗೆ ಮಾತ್ರ. ನಮ್ಮ ಹಳ್ಳಿಗಳ ಹಲವು ಶುದ್ಧ ನೀರಿನ ಘಟಕಗಳಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕುಡಿಯುವ ನೀರೇ ಸಿಗುತ್ತದೆ. ಚರಂಡಿಗೆ ಬಿಡುವ ನೀರಿಗೆ ಅದಕ್ಕಿಂತ ಜಾಸ್ತಿ ಯಾರು ಖರ್ಚು ಮಾಡುತ್ತಾರೆ?

ಇದಕ್ಕಿಂತ ನನಗೆ ಹೆಚ್ಚು ಚಿಂತೆ ಕೊಡುವುದು ಇನ್ನೊಂದು. ಬಣ್ಣ ಹೋಯಿತು ಅಂದರೆ ನೀರು ಶುದ್ಧವಾಯಿತು ಅಂತಲ್ಲ. ಬಣ್ಣದ ಅಣುವಿನಲ್ಲಿ ಬಣ್ಣ ಕೊಡುವ ಒಂದು ಕೊಂಡಿ ಮುರಿದರೆ ಸಾಕು, ಕಣ್ಣಿಗೆ ತಿಳಿಯಾಗಿ ಕಾಣುತ್ತದೆ. ಮುರಿದ ತುಂಡುಗಳು ನೀರಿನಲ್ಲೇ ಇರುತ್ತವೆ, ಕೆಲವು ಮೂಲ ಬಣ್ಣಕ್ಕಿಂತ ಕೆಟ್ಟವೂ ಇರಬಹುದು. ಹಾಗಾಗಿ ಎರಡು ಬಾಟಲಿ ಪಕ್ಕಪಕ್ಕ ಇಟ್ಟ ಫೋಟೋ ಪುರಾವೆ ಅಲ್ಲ, ನೀರಿನಲ್ಲಿ ಸಾವಯವ ಕೊಳೆ ಇನ್ನೂ ಎಷ್ಟು ಉಳಿದಿದೆ ಅಂತ ಅಳೆಯುವ ಸಿಒಡಿ ಪರೀಕ್ಷೆಯ ಚೀಟಿ ಕೇಳಬೇಕು.

ಪರ ಮತ್ತು ವಿರುದ್ಧದ ಈ ಎರಡು ವಾದಗಳ ನಡುವೆ ಒಂದು ದಾರಿ ಇದೆ. ಗುಳ್ಳೆ ಬೇಕು, ಆದರೆ ಅದನ್ನು ಸದ್ದಿನಿಂದಲೇ ಮಾಡಬೇಕು ಅಂತೇನಿಲ್ಲವಲ್ಲ. ಸಣ್ಣ ತೂತುಗಳಿರುವ ತಟ್ಟೆಯ ಮೂಲಕ ಪಂಪಿನಿಂದ ನೀರನ್ನು ಜೋರಾಗಿ ತಳ್ಳಿದರೂ ಗುಳ್ಳೆ ಎದ್ದು ಕುಸಿಯುತ್ತದೆ. ಮುಂಬೈನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಅನಿರುದ್ಧ ಪಂಡಿತ್ ಮತ್ತು ಅವರ ತಂಡ ಈ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡಿದೆ. ಒಂದೊಂದು ಗುಳ್ಳೆಯ ಏಟು ಅಲ್ಟ್ರಾಸೌಂಡ್‌ನಷ್ಟು ಜೋರಿರುವುದಿಲ್ಲ, ಆದರೆ ಸಾವಿರಾರು ಲೀಟರಿಗೆ ಹೊಂದುತ್ತದೆ. ಓಝೋನ್ ಅಥವಾ ಪೆರಾಕ್ಸೈಡ್ ಜೊತೆ ಸೇರಿಸಿದರೆ ಇನ್ನೂ ಚೆನ್ನ. ಸಣ್ಣ ಊರಿನ ಬಣ್ಣದ ಘಟಕಕ್ಕೆ ನನ್ನ ಮಟ್ಟಿಗೆ ಇದೇ ನೋಡಬೇಕಾದ ದಾರಿ. ಅಲ್ಟ್ರಾಸೌಂಡ್ ಕೊಂಬಿನಲ್ಲಿ (ದ್ರವದೊಳಗೆ ಇಳಿಸಿ ಸದ್ದು ಹಾಯಿಸುವ ಲೋಹದ ಕಡ್ಡಿ) ಇನ್ನೊಂದು ತೊಂದರೆಯೂ ಇದೆ: ಅದರ ತುದಿಯಲ್ಲೇ ಗುಳ್ಳೆಗಳ ಮೋಡ ಎದ್ದು ಸದ್ದನ್ನು ನುಂಗಿಬಿಡುತ್ತದೆ, ಪರಿಣಾಮ ಕೆಲವೇ ಸೆಂಟಿಮೀಟರ್‌ಗೆ ಮುಗಿಯುತ್ತದೆ. ಪಂಪಿನ ಇಂಪೆಲ್ಲರ್‌ಗೆ ಆದಂತೆ ಟೈಟಾನಿಯಂ ತುದಿಯೂ ಸವೆಯುತ್ತದೆ. ಬೀಕರಿನಲ್ಲಿ ಕಂಡ ವೇಗ ಟ್ಯಾಂಕಿನಲ್ಲಿ ಕಾಣದಿರಲು ಇದೇ ಕಾರಣ.

ಆ 14 ಪಟ್ಟಿನ ಸುದ್ದಿ

ಮೊದಲಿನ ಸುದ್ದಿಗೆ ವಾಪಸ್ ಹೋಗೋಣ. ಮೆಲ್ಬರ್ನ್‌ನವರು ಬಳಸಿದ್ದು 10 ಮೆಗಾಹರ್ಟ್ಸ್ ಕಂಪನ, ಅಂದರೆ 10,000 ಕಿಲೋಹರ್ಟ್ಸ್, ನಾವು ಇಲ್ಲಿಯವರೆಗೆ ಮಾತಾಡಿದ್ದಕ್ಕಿಂತ 20ರಿಂದ 500 ಪಟ್ಟು ಮೇಲೆ. ಅಷ್ಟು ಬೇಗ ಹಿಗ್ಗಿ ಕುಗ್ಗುವಾಗ ಗುಳ್ಳೆಗೆ ಬೆಳೆಯಲು ಹೊತ್ತೇ ಸಿಗುವುದಿಲ್ಲ. ಅಲ್ಲಿ ಕುಲುಮೆ ಇಲ್ಲ. ಅವರು ಹೇಳುವುದು, ಕಂಪನವು ಹೈಡ್ರೋಜನ್ ಬಿಡಿಸಲು ನೀರಿಗೆ ಕರೆಂಟ್ ಹಾಯಿಸುವ ಎಲೆಕ್ಟ್ರೋಡ್ ಪಕ್ಕದ ನೀರಿನ ಅಣುಗಳ ಜೋಡಣೆಯನ್ನು ಕದಡುತ್ತದೆ, ಎಲೆಕ್ಟ್ರೋಡ್‌ಗೆ ಅಂಟಿ ಕೂರುವ ಅನಿಲದ ಗುಳ್ಳೆಗಳನ್ನು ಕೊಡವಿ ಹಾಕುತ್ತದೆ ಅಂತ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಿ ಮಾಡಿದ ಪ್ರಯೋಗ ಅದು. ಅಂಥ ನೀರಿನಲ್ಲಿ ಹೈಡ್ರೋಜನ್ ಬರುವುದೇ ನಿಧಾನ. ಹಾಗಾಗಿ 14 ಪಟ್ಟು ಅನ್ನೋದು ಒಂದು ನಿಧಾನದ ಲೆಕ್ಕದ ಮೇಲೆ 14 ಪಟ್ಟು. ಅವರೇ ಹೇಳಿದ ಒಟ್ಟು ಶಕ್ತಿಯ ಉಳಿತಾಯ 27 ಶೇಕಡಾ. 27 ಕಡಿಮೆ ಏನಲ್ಲ, ಒಳ್ಳೆಯ ಸಾಧನೆಯೇ. ಆದರೆ 14 ಪಟ್ಟು ವೇಗ ಮತ್ತು 27 ಶೇಕಡಾ ಉಳಿತಾಯ, ಎರಡೂ ಒಂದೇ ಪ್ರಯೋಗದ ಅಂಕಿಗಳು. ತಲೆಬರಹಕ್ಕೆ ಹೋದದ್ದು ಮೊದಲಿನದು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರದ ಕರೆಂಟಿನಿಂದ ಮುಂದೆ ಯಾರಾದರೂ ಹೈಡ್ರೋಜನ್ ಮಾಡಲು ಹೊರಟರೆ ಅವರಿಗೆ ಬೇಕಾಗುವುದು ಎರಡನೆಯದು.

ಮನೆಗೆ ಬರುವ ಯಂತ್ರಗಳು

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು, ಯಾಕೆಂದರೆ ಈ 5,000 ಡಿಗ್ರಿ ಕೇಳಿದ ಬಸುರಿ ಹೆಣ್ಣುಮಕ್ಕಳ ಮನೆಯವರು ಗಾಬರಿಯಾಗುವುದು ಸಹಜ. ಸ್ಕ್ಯಾನ್ ಯಂತ್ರದ ಸದ್ದು ಮೆಗಾಹರ್ಟ್ಸ್ ಲೆಕ್ಕದ್ದು, ಚಿಕ್ಕ ಚಿಕ್ಕ ತುಣುಕಾಗಿ ಬರುತ್ತದೆ, ಗುಳ್ಳೆ ಏಳದ ಹಾಗೆ ಅದರ ಜೋರಿಗೆ ಮಿತಿ ಇಟ್ಟಿರುತ್ತಾರೆ. ಡಾಕ್ಟರು ಹೇಳಿದಾಗ ಮಾಡಿಸುವ ಸ್ಕ್ಯಾನಿಗೂ ಈ ಕುಲುಮೆಗೂ ಸಂಬಂಧ ಇಲ್ಲ.

ಮುಂದಿನ ದಿನಗಳಲ್ಲಿ ಜಾಸ್ತಿ ಬರುವುದು ತರಕಾರಿ ತೊಳೆಯುವ ಅಲ್ಟ್ರಾಸೌಂಡ್ ಯಂತ್ರಗಳು ಮತ್ತು ಎಣ್ಣೆ ತೆಗೆಯುವ ಯಂತ್ರಗಳು. ತರಕಾರಿ ಮೇಲಿನ ಮಣ್ಣು, ಧೂಳು, ಸಿಪ್ಪೆಗೆ ಅಂಟಿದ ಔಷಧಿಯ ಒಂದಷ್ಟು ಅಂಶ ಹೋಗುತ್ತದೆ. ಟೊಮೆಟೊದ ಒಳಗೆ ಇಳಿದದ್ದು ಹೋಗುವುದಿಲ್ಲ, ಗುಳ್ಳೆ ಮೇಲ್ಮೈಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಎಣ್ಣೆಯ ವಿಷಯದಲ್ಲಿ ಚಳ್ಳಕೆರೆಯ ಮಿಲ್ಲಿನವರು ಗಮನ ಕೊಡಬೇಕಾದದ್ದು ಬೇರೆ. ಬೀಜದ ಪುಡಿಯಿಂದ ಎಣ್ಣೆ ಬಿಡಿಸಲು ಸದ್ದು ಸಹಾಯ ಮಾಡುತ್ತದೆ, ಆದರೆ ಅದೇ ರ್ಯಾಡಿಕಲ್‌ಗಳು ಎಣ್ಣೆಯನ್ನೂ ಕಚ್ಚುತ್ತವೆ. ಅಲ್ಟ್ರಾಸೌಂಡ್ ಹಾಯಿಸಿದ ಸೂರ್ಯಕಾಂತಿ ಎಣ್ಣೆಗೆ ಲೋಹದಂಥ, ಕಮಟು ವಾಸನೆ ಬಂದದ್ದು ಪ್ರಯೋಗಗಳಲ್ಲಿ ಕಂಡಿದೆ. ಶೇಂಗಾ ಎಣ್ಣೆಯನ್ನು ಜನ ಕೊಳ್ಳುವುದೇ ಅದರ ಘಮಕ್ಕೆ.

ಯಂತ್ರ ನಿಜವಾಗಿ ಗುಳ್ಳೆ ಎಬ್ಬಿಸುತ್ತದಾ ಅಂತ ನೋಡಲು ದೊಡ್ಡ ಲ್ಯಾಬ್ ಬೇಡ. ಊಟ ಕಟ್ಟುವ ಅಲ್ಯುಮಿನಿಯಂ ಹಾಳೆಯ ಒಂದು ತುಂಡನ್ನು ನೀರು ತುಂಬಿದ ತೊಟ್ಟಿಯಲ್ಲಿ ಇಳಿಬಿಟ್ಟು ಒಂದೆರಡು ನಿಮಿಷ ಯಂತ್ರ ಓಡಿಸಿ, ಆಮೇಲೆ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ತೂತು, ಗುಂಡಿ ಬಿದ್ದಿದ್ದರೆ ಗುಳ್ಳೆ ಇದೆ. ಹಾಳೆ ಹಾಕಿದಂತೆಯೇ ನುಣ್ಣಗಿದ್ದರೆ ಅದು ಅಲ್ಲಾಡುವ ಬಟ್ಟಲು ಅಷ್ಟೇ, ದುಡ್ಡು ಕೊಡಬೇಡಿ.